ಅಣ್ಣನ ಚಪ್ಪಲಿ

ಗುಂಡ್ಲುಪೇಟೆ, ಶುಕ್ರವಾರ

ಅವ್ವನಿಗೆ ನಮಸ್ಕಾರ.

ಅಣ್ಣ ಊರು ಸೇರಿದನೇ? ಮನೆದೇವರನ್ನು ಬಿಟ್ಟೆನೆಂದು ನಿನ್ನೆ ನನ್ನನ್ನು ಎಳೆದೊಯ್ಯಲು ಚರ್ಚಿಗೇ ನುಗ್ಗಿದ. ಆ ಕೋಪದಲ್ಲೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದ.

ಪವಿತ್ರ ಗುರುವಾರ, ಏಸು ತನ್ನ ಶಿಷ್ಯರಿಗೆ ಮಾಡಿದಂತೆ, ನಮ್ಮ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ನಿನ್ನೆ ಅವರಲ್ಲೊಬ್ಬ ಬಂದಿರಲಿಲ್ಲ. ಬರಿಗಾಲಲ್ಲಿ ನಿಂತಿದ್ದ ಅಣ್ಣನೇ ಅವನೆಂದುಕೊಂಡು, ಕೈಹಿಡಿದು ಕೂರಿಸಿ, ಮಂಡಿಯೂರಿ ನೀರು ಹಾಕಿದರು. ಬೈಯಲು ಬಾಯಿ ತೆರೆದಿದ್ದ ಅಣ್ಣ ಕಾಲನ್ನು ಹಿಂದಕ್ಕೆಳೆದುಕೊಂಡ.

“ಬುಡಿ ಸಾಮಿ, ಒಲದ ಕೊಳೆ ಅದೆ,” ಎಂದ. ಫಾದರ್ ಬಿಡಲಿಲ್ಲ. ಒರೆಸಿ, ಪಾದಕ್ಕೆ ಮುತ್ತಿಟ್ಟರು. ಅವನು ನನ್ನತ್ತ ನೋಡದೆ, ಬರಿಗಾಲಲ್ಲೇ ಹೊರಟುಹೋದ.

ನಮ್ಮ ಮನೆಯವರು ತೀರಿಕೊಂಡ ಮೇಲೆ ನಿನ್ನೆ ಅತ್ತಷ್ಟು ಹಗುರಾಗಿ ನಾನು ಅತ್ತಿರಲಿಲ್ಲ, ಅವ್ವ.

ಚಪ್ಪಲಿ ಒರೆಸಿಟ್ಟಿದ್ದೇನೆ. ಅದನ್ನು ಒಯ್ಯಲು ಬೇರೆ ಯಾರನ್ನೂ ಕಳಿಸಬೇಡ. ಅವನೇ ಬರಲಿ, ಕಾಲಿಗೆ ನೀರು ನಾನು ಕೊಡುತ್ತೇನೆ.

ನಿನ್ನ ಮಗಳು,
ನೀಲಾವತಿ