ನಲವತ್ತೆರಡನೇ ಪುಟ ನೋಡು

ಕುಸುಮಾ,

“ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು, ನಿಂಗ್ಯಾಕಣ್ಣ ಇಂಗ್ಲಿಷು? ಹೋಗಿ ಬದ್ನೆಕಾಯಿ ತೂಗು” ಅಂದೆ ನಿನ್ನೆ, ನನ್ನ ತರಕಾರಿ ತಳ್ಳುಗಾಡಿ ಮುಂದೆ ನಿಂತುಕೊಂಡು. ನಿನ್ನ ಗೆಳತಿಯರು ತನ್ಮಯಿ, ಆರಾಧನಾ ಇಬ್ಬರೂ ಬಿದ್ದು ಬಿದ್ದು ನಕ್ಕರು.

ನಾನು ಮಾರ್ಕೆಟ್ಟಿಗೆ ಹೊರಟೆ. ಉಪ್ಪಿಟ್ಟು ಡಬ್ಬಿಯಲ್ಲಿದೆ, ತಿಂದೇ ಹೋಗು. ಹಾಲ್ ಟಿಕೆಟ್ಟನ್ನು ದೇವರ ಮುಂದೆ ಇಟ್ಟಿದ್ದೀಯ, ಅಲ್ಲೇ ಬಿಟ್ಟು ಹೋಗಬೇಡ. ಫೋನ್ ಮಾಡಬೇಡ, ಎತ್ತಲ್ಲ.

ಒಂದು ತಿಂಗಳಿಂದ ನೀನು ಜಡೆ ಹಾಕಿಕೊಳ್ಳುವಾಗ ಗ್ರಾಮರ್ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದವನು ನಾನು. ಇವತ್ತು ಪುಸ್ತಕ ಅಮ್ಮನ ಕೈಗೆ ಕೊಟ್ಟು ಒಪ್ಪಿಸು. ಅವಳಿಗೆ ಓದೋಕೆ ಬರಲ್ಲ, ಆದರೆ ನೀನು ತಡವರಿಸಿದರೆ ಗೊತ್ತಾಗುತ್ತೆ.

ಆಮೇಲೆ ನಲವತ್ತೆರಡನೇ ಪುಟ ನೋಡು. ನಿನ್ನೆ ತನ್ಮಯಿ ಕೇಳಿದ ವಾಕ್ಯಕ್ಕೆ ನೀನು ಮೆಟಫರ್, ಅಂದರೆ ರೂಪಕ, ಅಂದೆ. ‘ಲೈಕ್’ ಅಂತ ಹೋಲಿಸಿರೋದರಿಂದ ಅದು ಸಿಮಿಲಿ, ಉಪಮೆ. ನಾನು “ಅದಲ್ಲ ಕಣೇ” ಅಂದಿದ್ದು ಅದಕ್ಕೇ, ನಿನ್ನ ಮರ್ಯಾದೆ ತೆಗೆಯೋಕಲ್ಲ. ಇವತ್ತು ಪರೀಕ್ಷೆಯಲ್ಲೂ ಹಾಗೇ ಬರೆದುಬಿಟ್ಟೀಯ.

ನೀನು ಅಂದಿದ್ದಕ್ಕೆ ಮೈಯೆಲ್ಲ ಉರಿಯಿತು. ಸರಿಯುತ್ತರ ನಾಲಿಗೆ ಮೇಲೇ ಇತ್ತು. ಹೇಳಿದ್ದರೆ ಅವರಿಬ್ಬರೂ ನಿನ್ನನ್ನು ನೋಡಿ ನಗುತ್ತಿದ್ದರು. ಅದಕ್ಕೇ ಗಾಡಿ ತಿರುಗಿಸಿಕೊಂಡು ಹೊರಟುಬಂದೆ.