ಗುಂಡಿ ಬಲಕ್ಕಿದ್ದರೆ ಗೌನು ಗಂಡಸರದೇ?

ವಿದೇಶದ ಪಾರ್ಸೆಲ್ಲುಗಳನ್ನು ಬಿಚ್ಚಿ ನೋಡುವ ಸೀಮಾಸುಂಕ ಅಧಿಕಾರಿಗಳಿಗೆ,

ಮಾನ್ಯರೇ, ನಾನು ಹೊಲಿದ ಐದು ಗೌನುಗಳನ್ನು ತಾವು ಮೂರು ವಾರದಿಂದ ಹಿಡಿದಿಟ್ಟುಕೊಂಡಿದ್ದೀರಿ. ಗಂಡಸರ ಉಡುಪಾಗಿದ್ದೂ ಹೆಂಗಸರ ಉಡುಪೆಂದು ಸುಳ್ಳು ಹೇಳಿ ದೇಶದೊಳಗೆ ನುಸುಳಲು ನೋಡಿದವು ಎಂಬುದು ಅವುಗಳ ಮೇಲಿನ ಆರೋಪ. ಬೆಳಗಾವಿಯ ಖಾಸಬಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿರುವ ನನಗೆ ಇದನ್ನು ಕೇಳಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಎರಡೂ ಇನ್ನೂ ಹೋಗಿಲ್ಲ.

ಗೌನುಗಳ ಒಡತಿ ಖಾನಾಪುರದ ಕುಂದಾ ಬಾಯಾರು. ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಹೋದ ವರ್ಷ ಲಕ್ವಾ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತು. ಸೀರೆ ಬಿಟ್ಟು ಗೌನು ತೊಡಬೇಕಾಯಿತು. ಅದರ ಗುಂಡಿ ಹಾಕಲು ಪಕ್ಕದ ಮನೆಯ ನಿಂಗವ್ವ ದಿನಾ ಬರಬೇಕಿತ್ತು. ಇಡೀ ತರಗತಿಯನ್ನು ಕಣ್ಣಲ್ಲೇ ಸುಮ್ಮನಿರಿಸುತ್ತಿದ್ದ ಹೆಂಗಸು ಬೆಳಿಗ್ಗೆ ಹತ್ತರವರೆಗೆ ಎದೆಗೆ ಟವೆಲ್ ಹಿಡಿದುಕೊಂಡು ಅವಳ ದಾರಿ ಕಾಯುತ್ತಿದ್ದರು. 

ಅದನ್ನು ನೋಡಿ, ತೊಡಲು ಸಡಿಲವಾಗಿರಲಿ ಎಂದು ನಾನೇ ಒಂದು ಗೌನು ಹೊಲಿದುಕೊಟ್ಟೆ, ಅದರಲ್ಲೂ ತಪ್ಪು ಮಾಡಿದೆ. ನನ್ನ ಯಜಮಾನ ನಾಸೀರ ಅವರು ಶರ್ಟಿನ ದರ್ಜಿ. ಆ ವಾರ ಅವರಿಗೆ ಜ್ವರ, ಮದುವೆ ಮನೆಯವರ ಶರ್ಟುಗಳಿಗೆಲ್ಲ ಗುಂಡಿ ತೂರಿಸುವ ಕಾಜಾವನ್ನು ನಾನೇ ಮಾಡಿದ್ದೆ. ಅದೇ ಗುಂಗಿನಲ್ಲಿ ಬಾಯಾರ ಗೌನಿಗೂ ಗಂಡಸರ ಶರ್ಟಿನಂತೆ ಗುಂಡಿ ಬಲಕ್ಕೆ, ಕಾಜಾ ಎಡಕ್ಕೆ ಇಟ್ಟುಬಿಟ್ಟೆ. ತಿದ್ದಿಕೊಡಲು ಬಸ್ಸು ಹತ್ತಿ ಖಾನಾಪುರಕ್ಕೆ ಹೋದರೆ, ಗುಂಡಿ ಬಲಗೈಗೆ ಸಲೀಸಾಗಿ ಸಿಗುವಂತಾಗಿ, ಅವರು ಆ ಒಂದು ಕೈಯಿಂದಲೇ ಎಲ್ಲ ಗುಂಡಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ತಪ್ಪ ಮಾಡಿದ್ರೂ ಚಲೋ ತಪ್ಪ ಮಾಡೀದಿ, ನಜ್ಮಾ. ಇನ್ನೂ ಐದ ಹಿಂಗ ಹೊಲಿ," ಅಂದರು.

ಆಮೇಲೆ ಅವರು ಮಗಳು ಮುಗ್ಧಾಳ ಮನೆಗೆಂದು ಮಸ್ಕತ್ತಿಗೆ ಹೋದರು. ಮೂರು ತಿಂಗಳಿದ್ದು ಬರುವಾಗ ಸಾಮಾನು ಭಾರವಾಯಿತು. ಮೈಮೇಲಿನದೊಂದನ್ನು ಬಿಟ್ಟು ಉಳಿದ ಗೌನುಗಳನ್ನು ಮಗಳು ಪಾರ್ಸೆಲ್ ಮಾಡಿದಳು. ಖಾಸಬಾಗದಲ್ಲಿ ಹುಟ್ಟಿದವು ಮಸ್ಕತ್ ನೋಡಿ ಬಂದ ತಪ್ಪಿಗೆ ಆಮದು ಮಾಲಾದವು. ಇರಲಿ.

ಎಡಭಾಗ ಬಲಭಾಗದ ಮೇಲೆ ಬಂದರೆ ಗಂಡಸರದು, ಬಲಭಾಗ ಎಡಭಾಗದ ಮೇಲೆ ಬಂದರೆ ಹೆಂಗಸರದು ಎಂಬುದು ತಮ್ಮ ನಿಯಮವಂತೆ. ಒಪ್ಪಿದೆ. ಆದರೆ ಬಟ್ಟೆ ಕತ್ತರಿಸಿದ ರೀತಿಯಿಂದಲೇ ಅದು ಯಾರದೆಂದು ಸ್ಪಷ್ಟವಾದರೆ ಈ ನಿಯಮ ಅನ್ವಯಿಸದು ಎಂದೂ ಅಲ್ಲೇ ಬರೆದಿದೆ. ನನ್ನ ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ತಾವು ಆ ಸಾಲಿಗೆ ಬರುವಷ್ಟರಲ್ಲಿ ಊಟದ ಹೊತ್ತಾಯಿತೇ? ಎದೆಗೆ ಟಕ್ಸಿನ ಮಡಿಕೆ, ಕೊರಳಿಗೆ ಲೇಸು, ಅಂಚಿಗೆ ಫ್ರಿಲ್, ಮೈತುಂಬ ಗುಲಾಬಿ ಹೂವು. ತಮ್ಮ ಕಚೇರಿಯ ಯಾವ ಸಾಹೇಬರು ಇದನ್ನು ತೊಟ್ಟು ವಾಕಿಂಗ್ ಹೋಗುತ್ತಾರೆ? ಅಂಥವರಿದ್ದರೆ ಅಳತೆ ಕಳಿಸಲಿ, ಹೊಲಿದುಕೊಡುತ್ತೇನೆ.

ಪಾರ್ಸೆಲ್ಲಿನ ಕಾಗದದಲ್ಲಿ "ಗಂಡಸರ ಉಡುಪು" ಎಂದು ತಿದ್ದಿ ಸಹಿ ಮಾಡಿದರೆ ಬಿಡುತ್ತೇವೆ ಎಂದು ತಮ್ಮವರು ಫೋನಿನಲ್ಲಿ ಹೇಳಿದರಂತೆ. ಯಾರು ನೋಡುತ್ತಾರೆ, ಮಾಡಿಬಿಡಿ ಎಂದು ನಾನೂ ಬಾಯಾರಿಗೆ ಹೇಳಿದೆ.

"ಮೂವತ್ತೆರಡ ವರ್ಷ ಹುಡುಗರ ತಪ್ಪ ತಿದ್ದೀನಿ. ಈಗ ಖರೇ ಇದ್ದದ್ದನ್ನ ತಪ್ಪ ಅಂತ ತಿದ್ದಿ ಸಹಿ ಮಾಡ್ಲೇನ?" ಎಂದು ನನಗೇ ಪಾಠ ಹೇಳಿದರು.

ಹೊಸದು ಹೊಲಿದುಕೊಡುತ್ತೇನೆ ಎಂದರೂ ಬೇಡವಂತೆ, ಬಾಯಾರಿಗೆ ಅವರವೇ ವಾಪಸ್ಸು ಬರಬೇಕಂತೆ. ಹಟದಲ್ಲಿ ಅವರು ತಮ್ಮ ಇಲಾಖೆಗಿಂತ ಕಡಿಮೆಯೇನಿಲ್ಲ. ಆದರೆ ಖಾನಾಪುರದ ಮಳೆಯಲ್ಲಿ, ಕೈಯಲ್ಲಿ ಉಳಿದ ಆ ಒಂದು ಗೌನು ಒಗೆದರೆ ಎರಡು ದಿನ ಒಣಗುವುದಿಲ್ಲ. ಆ ಎರಡು ದಿನ ಬಾಯಾರು ಎಡಕ್ಕೆ ಗುಂಡಿಯಿರುವ ಹಳೆಯ ಗೌನು ತೊಟ್ಟು ಮತ್ತೆ ನಿಂಗವ್ವನಿಗಾಗಿ ಕಾಯುತ್ತಾರೆ.

ನಾನು ಕೇಳುವುದು ಇಷ್ಟೇ. ನಾಳೆ ಬೆಳಿಗ್ಗೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ತಮ್ಮ ಮನೆಯವರ ಗೌನು ತೊಟ್ಟು ಗುಂಡಿ ಹಾಕಿಕೊಳ್ಳಲು ನೋಡಿ. ಆಗದಿದ್ದರೆ ಪಕ್ಕದ ಮನೆಯವರನ್ನು ಕರೆದು, ಸ್ವಲ್ಪ ಹಾಕಿಕೊಡಿ ಎಂದು ಕೇಳಿ. ಹಾಗೆ ಕೇಳಲು ತಮಗೆ ಬಾಯಿ ಬಂದರೆ ಪಾರ್ಸೆಲ್ ಅಲ್ಲೇ ಇರಲಿ. ಬಾರದಿದ್ದರೆ ಐದೂ ಗೌನುಗಳನ್ನು ಹೆಂಗಸರ ಉಡುಪೆಂದೇ ಬರೆದು, ಅದರ ಕೆಳಗೆ ತಾವೇ ಸಹಿ ಮಾಡಿ ಕಳಿಸಿ.

ಇಂತಿ,
ತಮ್ಮ ಕಡತದಲ್ಲಿ ಗಂಡಸರ ದರ್ಜಿಯಾಗಿ ಬಡ್ತಿ ಪಡೆದ
ನಜ್ಮುನ್ನಿಸಾ
ಖಾಸಬಾಗ, ಬೆಳಗಾವಿ