ಪ್ರಜೀಶನ ಪರೀಕ್ಷೆ

ಅಕ್ಟೋಬರ್ 14, ಮಂಗಳವಾರ. ಕೋಳಿಕ್ಕೋಡು.

ಜಿಷಾಗೆ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಬೆಳಿಗ್ಗೆ ಅವಳ ಗಂಡ ಪ್ರಜೀಶ್ ನಮ್ಮ ಲ್ಯಾಬಿಗೆ ಬಂದು, ಪರೀಕ್ಷೆಗೆಂದು ವೀರ್ಯದ ಡಬ್ಬಿ ನನ್ನ ಕೈಗೆ ಕೊಟ್ಟು, "ಚೇಚಿ, ಒಂದಾದ್ರೂ ಓಡೋದಿದ್ಯಾ ನೋಡಿ," ಎಂದು ಅಕ್ಕನೊಡನೆ ತಮಾಷೆ ಮಾಡುವ ತಮ್ಮನಂತೆ ನಗುತ್ತಾ ಹೋದ. ದಾರಿಯಲ್ಲಿ ಅವನ ಸ್ಕೂಟರಿಗೆ ಬಸ್ಸು ಗುದ್ದಿತು. ಸತ್ತನೆಂಬ ಸುದ್ದಿ ಬಂದಾಗ ನಾನು ಸೂಕ್ಷ್ಮದರ್ಶಕದ ಮುಂದಿದ್ದೆ. ಪರೀಕ್ಷೆಗೆ ಬೆರೆಸುವ ದ್ರಾವಣದಲ್ಲಿ ಜೀವವಿರುವ ವೀರ್ಯಾಣುವಿನ ಬಾಲ ಮಾತ್ರ ಸುರುಳಿಯಾಗುತ್ತದೆ. ಕಣ್ಣೆದುರೇ ಒಂದೊಂದಾಗಿ ಸುರುಳಿಯಾದವು. ಮಕ್ಕಳಾಗದ ಆರು ವರ್ಷವೂ ದೋಷ ತನ್ನದೇ ಎಂದುಕೊಂಡಿದ್ದ. ದೋಷವೇ ಇರಲಿಲ್ಲ.

ಮಧ್ಯಾಹ್ನ ಜಿಷಾ ಶವಾಗಾರದಿಂದ ನೇರ ಲ್ಯಾಬಿಗೆ ಬಂದಳು, ವೀರ್ಯವನ್ನು ಕಾದಿಡಿ ಎಂದಳು. ಅದಕ್ಕೆ ಅವನ ಒಪ್ಪಿಗೆಯ ರುಜುವಿಲ್ಲ, ಆಗದು ಎಂದರು ಡಾಕ್ಟರು.

"ಚೇಚಿ, ಈಗ್ಲೂ ಬದುಕಿವೆಯಾ?"

"ಇವೆ."

"ಹಾಗಾದ್ರೆ ಇಲ್ಲೇ ಕೂತಿರ್ತೀನಿ. ಅವ್ರನ್ನ ಒಬ್ರನ್ನೇ ಹೇಗೆ ಬಿಟ್ಟೋಗ್ಲಿ?"

ಗಂಟೆಗೊಮ್ಮೆ ಅದನ್ನೇ ಕೇಳಿದಳು. ಮೈದುನ ಬಂದು ಬಾಗಿಲಲ್ಲಿ ನಿಂತ. "ಹೆಣ ಮನೆಗೆ ಬಂತು ಅತ್ತಿಗೆ, ಎದ್ದೇಳಿ." ಅವಳು ಏಳಲಿಲ್ಲ.

ಆರಕ್ಕೆ ನೋಡಿದೆ. ಈಜುತ್ತಲೇ ಇದ್ದವು.

"ಎಲ್ಲಾ ನಿಂತೋಯ್ತು ಮಗಳೇ," ಎಂದೆ. ಆಗ ಎದ್ದು ಹೋದಳು.

ಡಬ್ಬಿಯಲ್ಲಿದ್ದುದನ್ನು ಚೆಲ್ಲಲು ಕೈ ಬರಲಿಲ್ಲ. ಮೈಬಿಸಿಯಷ್ಟೇ ಶಾಖವಿರುವ ಪೆಟ್ಟಿಗೆಯಲ್ಲಿಟ್ಟು ಮನೆಗೆ ಬಂದೆ. ಒಂಬತ್ತಕ್ಕೆ ಅವನನ್ನು ಸುಟ್ಟರಂತೆ. ಈಗ ಹನ್ನೊಂದು. ಅಲ್ಲಿ, ಆ ಕತ್ತಲೆಯಲ್ಲಿ, ಇನ್ನೂ ಈಜುತ್ತಿರಬೇಕು.